ತೋರಿಸದೆ ಬಿಟ್ಟ ಸ್ಲೈಡ್

ಕಳೆದ ಸೆಮಿಸ್ಟರ್‌ನ ಟೆಕ್ನಿಕಲ್ ಸೆಮಿನಾರ್‌ನಲ್ಲಿ ನಮಗೆ 25ಕ್ಕೆ 23 ಬಂತು. ಇಡೀ ಕ್ಲಾಸ್‌ನಲ್ಲಿ ಅದೇ ಜಾಸ್ತಿ. ಪಾರ್ಟಿ ಕೇಳಿದವರಿಗೆಲ್ಲ ಕ್ಯಾಂಟೀನ್‌ನಲ್ಲಿ ಗೋಬಿ ಕೊಡಿಸಿದ್ದೂ ಆಯ್ತು. ಆದರೆ ಈಗ ಬರೀತಿರೋದು ಆ 23ರ ಬಗ್ಗೆ ಅಲ್ಲ. ಅವತ್ತು ನಾವು ತೋರಿಸದೆ ಬಿಟ್ಟ ಒಂದು ಸ್ಲೈಡ್ ಬಗ್ಗೆ.

ಇದೆಲ್ಲ ಶುರುವಾಗಿದ್ದು ಅಕ್ಕನ ವಿಡಿಯೋ ಕಾಲ್‌ನಿಂದ. ಅಕ್ಕ ಅಂದ್ರೆ ನನ್ನ ದೊಡ್ಡಪ್ಪನ ಮಗಳು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಹ್ಯೂರಾನ್ ಸರೋವರದ ಸ್ಯಾಗಿನಾ ಕೊಲ್ಲಿಯ ಹತ್ತಿರ ಇದ್ದಾಳೆ. ಒಂದಿನ ಮಾತಾಡ್ತಾ ಮಾತಾಡ್ತಾ "ಮನೆ ಹಿಂದೆ ಏನಾಗಿದೆ ನೋಡೋ" ಅಂತ ಫೋನ್ ತಿರುಗಿಸಿದಳು. ನಾವು ಮಂಡ್ಯದ ಕಡೆಯವರು. ನನ್ನ ಕಣ್ಣಿಗೆ ಕಂಡಿದ್ದು ಕಬ್ಬಿನ ಗದ್ದೆ. ಎರಡಾಳೆತ್ತರ, ಒತ್ತೊತ್ತಾಗಿ, ತುದಿಯಲ್ಲಿ ಸೂಲಂಗಿ ಬಂದ ಹಾಗೆ ಕಂದು ಬಣ್ಣದ ಕುಚ್ಚು.

"ಅಲ್ಲೂ ಕಬ್ಬು ಹಾಕ್ತಾರಾ ಅಕ್ಕ?" ಅಂದೆ.

"ಕಬ್ಬಲ್ಲ ಕಣೋ, ಜೊಂಡು. ಈ ಮನೆ ತಗೊಂಡಾಗ ಕಿಟಕಿಯಿಂದ ನೀರು ಕಾಣ್ತಿತ್ತು. ಈಗ ಇದೊಂದೇ ಕಾಣೋದು."

ಹೆಸರು ಹುಡುಕಿದೆ: ಫ್ರಾಗ್ಮೈಟಿಸ್ ಆಸ್ಟ್ರಾಲಿಸ್. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಬೆಳೆಯೋ ಜೌಗುನೆಲದ ಹುಲ್ಲು. ನಾಲ್ಕೈದು ಮೀಟರ್ ಎತ್ತರಕ್ಕೆ ಹೋಗುತ್ತೆ. ಕೆಸರಿನೊಳಗೆ ಶುಂಠಿ ಥರ ಅಡ್ಡಡ್ಡ ಓಡುವ ಕಾಂಡ ಇದೆ. ಅದರ ಒಂದು ತುಂಡು ನೀರಲ್ಲಿ ತೇಲಿಹೋಗಿ ಎಲ್ಲೋ ಸಿಕ್ಕಿಕೊಂಡರೂ ಸಾಕು, ಅಲ್ಲೊಂದು ಹೊಸ ಗುಂಪು ಏಳುತ್ತೆ. 1990ರ ದಶಕದ ಕೊನೆಯಿಂದ ಹ್ಯೂರಾನ್ ಸರೋವರದ ನೀರು ಇಳಿದು ದಡದ ಕೆಸರು ಬಯಲಾಯ್ತು. ಜೊಂಡಿಗೆ ಅಷ್ಟು ಜಾಗ ಸಿಕ್ಕಿದ್ದೇ ತಡ, ಗೋಡೆ ಕಟ್ಟಿಬಿಡ್ತು. ಅದರ ಕೆಳಗೆ ಬೇರೆ ಗಿಡಕ್ಕೆ ಬಿಸಿಲೂ ಇಲ್ಲ, ಜಾಗವೂ ಇಲ್ಲ.

ಈ ಗಿಡದ ಹೆಸರು ನಾನು ಮೊದಲೇ ಕೇಳಿದ್ದೆ, ಅದೂ ಒಳ್ಳೆಯವರ ಲಿಸ್ಟ್‌ನಲ್ಲಿ. ಕೊಳಚೆ ನೀರನ್ನ ಜೊಂಡಿನ ಹಾಸಿನ ಮೂಲಕ ಹರಿಸಿ ಶುದ್ಧ ಮಾಡೋ ವಿಧಾನ ನಮಗೆ ಎನ್ವಿರಾನ್‌ಮೆಂಟ್ ಪಾಠದಲ್ಲಿ ಬರುತ್ತಲ್ಲ, ಅಲ್ಲಿ. ಜರ್ಮನಿಯಲ್ಲಿ ಕೇಟೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲೇ ಜೌಗುಗಿಡಗಳಿಂದ ಕೊಳೆ ನೀರು ತಿಳಿ ಮಾಡೋ ಪ್ರಯೋಗ ನಡೆಸಿದ್ದರು. ಅಲ್ಲಿ ನಿಜವಾದ ಕೆಲಸ ಮಾಡೋದು ಗಿಡಕ್ಕಿಂತ ಹೆಚ್ಚಾಗಿ ಬ್ಯಾಕ್ಟೀರಿಯಾ. ಕೆಸರಿನಲ್ಲಿ ಆಕ್ಸಿಜನ್ ಇರಲ್ಲ. ಜೊಂಡಿನ ಕಾಂಡ ಟೊಳ್ಳು, ಅದು ಪೈಪ್ ಥರ ಗಾಳಿಯನ್ನ ಬೇರಿಗೆ ಇಳಿಸುತ್ತೆ. ಬೇರಿನಿಂದ ಸ್ವಲ್ಪ ಆಕ್ಸಿಜನ್ ಹೊರಗೆ ಸೋರುತ್ತೆ. ಆ ತೆಳು ಪದರದಲ್ಲಿ ಇರುವ ಬ್ಯಾಕ್ಟೀರಿಯಾ ಅಮೋನಿಯಾವನ್ನ ನೈಟ್ರೇಟ್ ಮಾಡುತ್ತವೆ. ಅಲ್ಲಿಂದ ಕೊಂಚ ದೂರದಲ್ಲಿ, ಆಕ್ಸಿಜನ್ ಇಲ್ಲದ ಕಡೆ, ಬೇರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನ ನೈಟ್ರೋಜನ್ ಗಾಳಿ ಮಾಡಿ ಬಿಟ್ಟುಬಿಡುತ್ತವೆ.

ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸ್‌ಗೆ ಹೊಗಳಿ ಬರೆದ ಗಿಡ ಅಕ್ಕನ ಮನೆ ಹಿಂದೆ ವಿಲನ್ ಆಗಿದ್ದು ಹೇಗೆ? ಬ್ಯಾಕ್ಟೀರಿಯಾ, ಫಂಗಸ್ ಅಲ್ಲೂ ಕೈಜೋಡಿಸಿವೆಯಾ? ಸೆಮಿನಾರ್ ಟಾಪಿಕ್ ಸಿಕ್ಕಿಬಿಡ್ತು. ಪಾರ್ಟ್ನರ್ ಕೂಡ ಒಪ್ಪಿದ. ಬೇರೆ ಟೀಮ್‌ಗಳೆಲ್ಲ ಬ್ಲಾಕ್‌ಚೈನ್, ಎಐ ಅಂತ ಇದ್ದಾಗ ನಮ್ಮದು ಹುಲ್ಲು ಅಂತ ನಾಲ್ಕು ಜನ ನಕ್ಕರು, ನಗಲಿ ಅಂದ್ಕೊಂಡ್ವಿ.

ಓದ್ತಾ ಹೋದ ಹಾಗೆ ಕಥೆ ಚೆನ್ನಾಗಿ ಕೂಡಿ ಬಂತು. ಮೊದಲನೇ ಟ್ವಿಸ್ಟ್: ಫ್ರಾಗ್ಮೈಟಿಸ್ ಅಮೆರಿಕಕ್ಕೆ ಹೊಸದಲ್ಲ, ಸಾವಿರಾರು ವರ್ಷದಿಂದ ಅಲ್ಲೇ ಇದೆ. ಹಾಗಿದ್ರೆ ಇದ್ದಕ್ಕಿದ್ದಂತೆ ಯಾಕೆ ಹಬ್ಬಿತು? ಕ್ರಿಸ್ಟಿನ್ ಸಾಲ್ಟನ್‌ಸ್ಟಾಲ್ ಎಂಬ ವಿಜ್ಞಾನಿ ಹರ್ಬೇರಿಯಂಗಳಲ್ಲಿ ಒಣಗಿಸಿ ಇಟ್ಟಿದ್ದ ಹಳೇ ಗಿಡಗಳ ಡಿಎನ್‌ಎಯನ್ನ ಈಗಿನ ಗಿಡಗಳ ಜೊತೆ ಹೋಲಿಸಿ 2002ರಲ್ಲಿ ಉತ್ತರ ಕೊಟ್ಟರು. ಹಬ್ಬುತ್ತಿರೋದು ಯುರೇಷಿಯಾ ಕಡೆಯಿಂದ ಬಂದ ಇನ್ನೊಂದು ವಂಶ. ನೋಡೋಕೆ ಊರಿನದೇ ಥರ ಇದ್ದಿದ್ದರಿಂದ ಅದು ಒಳಗೆ ನುಗ್ಗಿದ್ದು ಯಾರಿಗೂ ಗೊತ್ತಾಗಲಿಲ್ಲ.

ಎರಡನೇ ಟ್ವಿಸ್ಟ್: ಅದೇ ಜೊಂಡು ತನ್ನ ಸ್ವಂತ ಊರಾದ ಯುರೋಪಿನ ಎಷ್ಟೋ ಸರೋವರಗಳಲ್ಲಿ ಕಳೆದ ಶತಮಾನದಲ್ಲಿ ಕ್ಷೀಣಿಸ್ತಾ ಬಂದಿದೆ. ಅಲ್ಲಿ ಅದನ್ನ ಉಳಿಸೋಕೆ ಪಾಡು, ಇಲ್ಲಿ ಸಾಯಿಸೋಕೆ ಪಾಡು. ಅಮೆರಿಕದಲ್ಲಿ ಇದರ ನಿಯಂತ್ರಣಕ್ಕೆ 2005ರಿಂದ 2009ರವರೆಗೆ ವರ್ಷಕ್ಕೆ 46 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾಗಿದೆ ಅಂತ 2013ರ ಒಂದು ಸರ್ವೆ ಲೆಕ್ಕ ಹಾಕಿದೆ. ಇಷ್ಟು ಖರ್ಚು ಮಾಡಿದರೂ ಗೆದ್ವಿ ಅಂತ ಹೇಳೋ ಸ್ಥಿತಿ ಇರಲಿಲ್ಲ.

ಆಮೇಲೆ ನಮ್ಮ ಹೀರೋಗಳು ಬಂದರು, ಸೂಕ್ಷ್ಮಜೀವಿಗಳು. ಗಿಡದ ಒಳಗೇ ಬಾಡಿಗೆಗೆ ಇದ್ದು, ಗಿಡಕ್ಕೆ ರೋಗ ತರದೆ ಬದುಕೋ ಫಂಗಸ್, ಬ್ಯಾಕ್ಟೀರಿಯಾಗಳಿಗೆ ಎಂಡೋಫೈಟ್ ಅಂತಾರೆ. ಜರ್ಮನಿಯ ಕಾನ್‌ಸ್ಟನ್ಸ್ ಸರೋವರದ ಜೊಂಡಿನ ಬೀಜದಲ್ಲೇ ಸ್ಟಾಗೊನೊಸ್ಪೊರಾ ಎಂಬ ಫಂಗಸ್ ಇತ್ತು. ಬೇರೆ ಯಾವ ಜೀವಿಯೂ ಇಲ್ಲದ ಪುಟ್ಟ ಡಬ್ಬಗಳಲ್ಲಿ ಜೊಂಡು ಬೆಳೆಸಿ ಆ ಫಂಗಸ್ ಸೇರಿಸಿದಾಗ ಗಿಡ ಹೆಚ್ಚು ಬೆಳೀತು ಅಂತ 2003ರಲ್ಲಿ ಅಲ್ಲಿನವರು ಬರೆದರು. ಇದು ನಮ್ಮ 7ನೇ ಸ್ಲೈಡ್.

2018ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ವೈಟ್ ಮತ್ತು ಸಂಗಡಿಗರು ಇನ್ನೂ ಮಜವಾದ್ದು ತೋರಿಸಿದರು. ಆಕ್ರಮಣಕಾರಿ ಜೊಂಡಿನ ಬೀಜದ ಜೊತೆ ಬರುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಎಳೆ ಸಸಿಯನ್ನ ರೋಗದ ಫಂಗಸ್‌ನಿಂದ ಕಾಪಾಡುತ್ತೆ, ಪಕ್ಕದ ಬೇರೆ ಗಿಡದ ಸಸಿಗೆ ಕಾಟ ಕೊಡುತ್ತೆ. ಬಾಡಿಗಾರ್ಡೂ ಅದೇ, ರೌಡಿಯೂ ಅದೇ. ಇದು 8ನೇ ಸ್ಲೈಡ್. ಕ್ಲಾಸ್ ಪೂರ್ತಿ ನಕ್ಕ ಸ್ಲೈಡ್ ಇದೇ.

9ನೇದು ಪಿಥಿಯಂ. ನೋಡೋಕೆ ಫಂಗಸ್ ಥರ ಇದ್ದರೂ ನಿಜವಾದ ಫಂಗಸ್ ಅಲ್ಲ, ಊಮೈಸೀಟ್ ಅನ್ನೋ ಬೇರೆಯೇ ಗುಂಪು. ನರ್ಸರಿಯಲ್ಲಿ ಮೊಳಕೆ ಬಂದ ಸಸಿ ಬುಡ ಕೊಳೆತು ಮಲಗಿಬಿಡುತ್ತಲ್ಲ, ಅದಕ್ಕೆ ಕಾರಣ ಆಗುವವರಲ್ಲಿ ಇದೂ ಒಂದು. ನಮ್ಮ ಕಡೆ ಶುಂಠಿಗೆ ಬರೋ ಗೆಡ್ಡೆ ಕೊಳೆ ರೋಗದಲ್ಲೂ ಇದೇ ಕುಲದವರ ಕೈವಾಡ ಇದೆ. ಜೊಂಡಿನ ಬುಡದ ಮಣ್ಣಲ್ಲಿ ಪಿಥಿಯಂ ಇರೋದನ್ನ ಕಾರ್ನೆಲ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದ್ದಾರೆ. ಹೊರಗಿಂದ ಬಂದ ಗಿಡ ತಾನು ತಡೆದುಕೊಳ್ಳಬಲ್ಲ ರೋಗಾಣುಗಳನ್ನ ಬುಡದಲ್ಲಿ ಕೂಡಿಟ್ಟುಕೊಂಡು, ತಡೆಯಲಾರದ ಅಕ್ಕಪಕ್ಕದ ಗಿಡಗಳನ್ನ ಸೋಲಿಸುತ್ತೆ ಅನ್ನೋ ಒಂದು ಊಹೆ ಇಂಥ ಗಿಡಗಳ ಬಗ್ಗೆ 2006ರಿಂದಲೇ ಇದೆ.

ಕೊನೆಗೆ ಕ್ಲೈಮ್ಯಾಕ್ಸ್. 2015ರಲ್ಲಿ ಅಮೆರಿಕ ಸರ್ಕಾರದ ಯುಎಸ್‌ಜಿಎಸ್‌ನ ಕರ್ಟ್ ಕೊವಾಲ್‌ಸ್ಕಿ ಮತ್ತಿತರರು, ಗಿಡ ಮತ್ತು ಅದರ ಸೂಕ್ಷ್ಮಜೀವಿಗಳ ಈ ಗೆಳೆತನವನ್ನ ಅರ್ಥ ಮಾಡಿಕೊಂಡರೆ ಜೊಂಡಿನ ನಿಯಂತ್ರಣಕ್ಕೆ ಹೊಸ ದಾರಿ ಸಿಗಬಹುದು ಅಂತ ಬರೆದರು. ಅವರು ಬರೆದಿದ್ದು "ಸಿಗಬಹುದು" ಅಂತ. ನಮ್ಮ ಕೊನೇ ಸ್ಲೈಡ್‌ಗೆ ಬರೋ ಹೊತ್ತಿಗೆ ಅದು "ಗೆಳೆತನ ಮುರಿಯಿರಿ, ಜೊಂಡು ಮುಗಿಯಿತು" ಆಗಿತ್ತು. ಬಾಣದ ಗುರುತು, ಕೆಂಪು ಕ್ರಾಸ್ ಎಲ್ಲ ಹಾಕಿದ್ವಿ.

ಸೆಮಿನಾರ್ ಹಿಂದಿನ ರಾತ್ರಿ ಹನ್ನೊಂದೂವರೆ. ಕೊನೇ ಸ್ಲೈಡ್‌ಗೆ ಒಂದು ಒಳ್ಳೆ ಫೋಟೋ ಹುಡುಕ್ತಿದ್ದೆ. ಫೋಟೋ ಬದಲು ಸಿಕ್ಕಿದ್ದು 2018ರ ಇನ್ನೊಂದು ಪೇಪರ್. ಮಿಷಿಗನ್‌ನದ್ದೇ. ವೆಸ್ಲಿ ಬಿಕ್‌ಫರ್ಡ್ ಮತ್ತು ಸಂಗಡಿಗರದ್ದು. ಆ ತಂಡದಲ್ಲಿ ಕೊವಾಲ್‌ಸ್ಕಿ ಹೆಸರೂ ಇತ್ತು. ಊರಿನ ಜೊಂಡು, ಹೊರಗಿನ ಜೊಂಡು ಎರಡೂ ಒಟ್ಟಿಗೆ ಬೆಳೆಯೋ ಜಾಗಗಳಿಗೆ ಹೋಗಿ ಬೇರು ಕಿತ್ತು, ಬೇರಿನೊಳಗಿನ ಬ್ಯಾಕ್ಟೀರಿಯಾ, ಫಂಗಸ್, ಊಮೈಸೀಟ್ ಮೂರನ್ನೂ ಡಿಎನ್‌ಎ ಮೂಲಕ ಪಟ್ಟಿ ಮಾಡಿದ್ದರು. ನಮ್ಮ ಕಥೆ ಪ್ರಕಾರ ಆಕ್ರಮಣಕಾರಿ ಜೊಂಡಿನ ಬೇರಲ್ಲಿ ಗೆಳೆಯರು ಜಾಸ್ತಿ ಇರಬೇಕು, ಶತ್ರುಗಳು ಕಮ್ಮಿ ಇರಬೇಕು.

ಹಾಗೆ ಇರಲಿಲ್ಲ. ಒಟ್ಟಾರೆ ನೋಡಿದರೆ ಎರಡರ ಬೇರಲ್ಲೂ ಹೆಚ್ಚುಕಮ್ಮಿ ಅದೇ ಸಂಸಾರ. ಯಾರು ಇರ್ತಾರೆ ಅನ್ನೋದನ್ನ ನಿರ್ಧರಿಸಿದ್ದು ಗಿಡದ ವಂಶಕ್ಕಿಂತ ಹೆಚ್ಚಾಗಿ ಜಾಗ, ಮುಖ್ಯವಾಗಿ ಆ ಮಣ್ಣು ಎಷ್ಟು ನೀರು ಕುಡಿದು ನೆನೆದಿದೆ ಅನ್ನೋದು.

ಪಾರ್ಟ್ನರ್‌ನ ಎಬ್ಬಿಸಿದೆ.

"ಲೋ, ಇದು ನಮ್ ಕನ್‌ಕ್ಲೂಶನ್‌ಗೇ ಹೊಡೆಯುತ್ತಲ್ಲೋ" ಅಂದ.

"ಅದಕ್ಕೇ ಒಂದು ಸ್ಲೈಡ್ ಮಾಡಿದೀನಿ. ಹತ್ತನೇದು."

"ಇರೋದೇ ಹತ್ತು ನಿಮಿಷ ಮಗಾ. ಹೌದು ಅಂತ ಮೂರು ಸ್ಲೈಡ್ ಹೇಳಿ, ಅಲ್ಲ ಅಂತ ಒಂದು ಸ್ಲೈಡ್ ಹೇಳಿದ್ರೆ ಪ್ಯಾನೆಲ್‌ನವ್ರು ನಮಗೇ ಗೊತ್ತಿಲ್ಲ ಅಂದ್ಕೋತಾರೆ. ಹೈಡ್ ಮಾಡು. ಕೇಳಿದ್ರೆ ತೋರ್ಸೋಣ."

ಅವನದ್ದೊಬ್ಬನದ್ದೇ ತಪ್ಪು ಅಂತ ಬರೆಯೋಕೆ ನನಗೆ ಆಸೆ ಇದೆ. ಆದರೆ ರೈಟ್ ಕ್ಲಿಕ್ ಮಾಡಿ ಹೈಡ್ ಸ್ಲೈಡ್ ಒತ್ತಿದ್ದು ನಾನೇ. ಒತ್ತಿದಾಗ ನಿರಾಳ ಆಯ್ತು ಅನ್ನೋದೂ ನಿಜ. ಮಾರನೇ ದಿನ ಯಾರೂ ಕೇಳಲಿಲ್ಲ. ಕೇಳೋದಾದರೂ ಹೇಗೆ? ಇಲ್ಲದ ಸ್ಲೈಡ್ ಬಗ್ಗೆ ಯಾರು ಪ್ರಶ್ನೆ ಕೇಳ್ತಾರೆ? ಕಥೆ ತುಂಬಾ ಕ್ಲಿಯರ್ ಆಗಿತ್ತು ಅಂತ ಹೊಗಳಿಸಿಕೊಂಡು ಬಂದ್ವಿ.

ಅಕ್ಕನಿಗೆ ಖುಷಿಯಿಂದ ಪಿಡಿಎಫ್ ಕಳಿಸಿದೆ. ಅವಳ ಮನೆ ಹಿಂದಿನ ಜೊಂಡಿನ ಮೇಲೆ ತಮ್ಮ ಸೆಮಿನಾರ್ ಮಾಡಿದಾನೆ ಅಂತ ಅವಳಿಗೂ ಹೆಮ್ಮೆ. ಎರಡು ದಿನ ಬಿಟ್ಟು ವಾಯ್ಸ್ ಮೆಸೇಜ್ ಬಂತು. "ಸೂಪರ್ ಕಣೋ. ಈ ಶನಿವಾರ ನಮ್ಮ ಬೀದಿಯವರೆಲ್ಲ ಸೇರಿ ಈ ಜೊಂಡಿಗೆ ಏನು ಮಾಡೋದು ಅಂತ ಮಾತಾಡ್ತೀವಿ. ಹಾಗಾದ್ರೆ ಫಂಗಸ್ ಸಾಯಿಸೋ ಔಷಧಿ ಹೊಡೆದ್ರೆ ಜೊಂಡು ತಾನಾಗೇ ಹೋಗುತ್ತಾ? ನಿನ್ನ ಪಿಪಿಟಿನೇ ತೋರಿಸ್ತೀನಿ."

ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಆ ಮೆಸೇಜನ್ನ ಮೂರು ಸಲ ಕೇಳಿದೆ. ಮಾರ್ಕ್ಸ್‌ಗೆ ಹೇಳಿದ ಕಥೆಯನ್ನ ಒಬ್ಬರು ನಿಜ ಅಂತ ನಂಬಿ, ಒಂದು ಸರೋವರದ ದಡಕ್ಕೆ ಔಷಧಿ ಸುರಿಯೋ ಬಗ್ಗೆ ಯೋಚಿಸ್ತಿದ್ದಾರೆ. ಅಲ್ಲಿ ನೀರಿನಂಚಿಗೆ ಔಷಧಿ ಹೊಡೆಯೋಕೆ ಪರ್ಮಿಟ್ ಬೇಕು, ಹಾಗೆಲ್ಲ ಯಾರೂ ಬಿಡಲ್ಲ ಅಂತ ಆಮೇಲೆ ಗೊತ್ತಾಯ್ತು. ಆದರೆ ಆ ಕ್ಷಣಕ್ಕೆ ಹೊಟ್ಟೆಯಲ್ಲಿ ಒಂಥರಾ ಆಯ್ತು. "ಹೇಳ್ತೀನಿ ಅಕ್ಕ" ಅಂತಷ್ಟೇ ಟೈಪ್ ಮಾಡಿದೆ. ಗುರುವಾರ ರಾತ್ರಿ ತನಕ ಹೇಳಲಿಲ್ಲ.

ಕೊನೆಗೆ ಕಾಲ್ ಮಾಡಿದೆ. ಸೆಮಿನಾರ್‌ನಲ್ಲಿ ಇಂಗ್ಲಿಷ್‌ನಲ್ಲಿ ಹೇಳುವಾಗ ದೊಡ್ಡ ದೊಡ್ಡ ಪದಗಳು ನನ್ನ ಪರವಾಗಿ ಮಾತಾಡಿದ್ದವು. ಅಕ್ಕನ ಹತ್ತಿರ ಮಂಡ್ಯ ಕನ್ನಡದಲ್ಲಿ ಆ ಅನುಕೂಲ ಇರಲಿಲ್ಲ. "ಅಕ್ಕ, ಒಂದು ಸ್ಲೈಡ್ ಮುಚ್ಚಿಟ್ಟಿದ್ವಿ" ಅಂತಲೇ ಶುರು ಮಾಡಬೇಕಾಯ್ತು. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ.

7 ಮತ್ತು 8ನೇ ಸ್ಲೈಡ್ ಸುಳ್ಳಲ್ಲ. ಡಬ್ಬದಲ್ಲಿ, ಲ್ಯಾಬ್‌ನಲ್ಲಿ, ಒಂದು ಗಿಡ ಒಂದು ಜೀವಿ ಇದ್ದಾಗ ಏನಾಗುತ್ತೆ ಅಂತ ಅವು ಹೇಳುತ್ತವೆ. ಆ ಜೀವಿ ಏನು ಮಾಡಬಲ್ಲದು ಅನ್ನೋದಕ್ಕೆ ಅದು ಸಾಕ್ಷಿ. ಜೌಗಿನಲ್ಲಿ ಒಂದು ಬೇರಿನ ಸುತ್ತ ಲೆಕ್ಕವಿಲ್ಲದಷ್ಟು ಜೀವಿಗಳಿರ್ತವೆ. ಅಲ್ಲಿ ಅದು ಅಷ್ಟನ್ನೇ ಮಾಡುತ್ತೆ ಅಂತಾಗಲಿ, ಜೊಂಡು ಗೆಲ್ಲೋದು ಅದರಿಂದಲೇ ಅಂತಾಗಲಿ ಆ ಪೇಪರ್‌ಗಳಿಂದ ಹೇಳೋಕಾಗಲ್ಲ. ಹಾಗಂತ 10ನೇ ಸ್ಲೈಡ್ ಕೂಡ "ಸೂಕ್ಷ್ಮಜೀವಿಗಳಿಗೂ ಇದಕ್ಕೂ ಸಂಬಂಧವೇ ಇಲ್ಲ" ಅನ್ನಲ್ಲ. ಅದೇ ಪೇಪರ್‌ನಲ್ಲಿ ಹೊರಗಿನ ಜೊಂಡಿನ ಬೇರಲ್ಲಿ ಫಂಗಸ್ ಹೊಕ್ಕ ಪ್ರಮಾಣ ಊರಿನದಕ್ಕಿಂತ ಜಾಸ್ತಿ ಇತ್ತು. ಕೆಲವು ಬ್ಯಾಕ್ಟೀರಿಯಾಗಳ ಪಾಲಿನಲ್ಲೂ ವ್ಯತ್ಯಾಸ ಇತ್ತು. 2020ರಲ್ಲಿ ಅದೇ ತಂಡ ಬೇರಿನ ಒಳಗಲ್ಲ, ಬೇರಿಗೆ ಅಂಟಿದ ಮಣ್ಣನ್ನ ನೋಡಿ, ಅಲ್ಲಿನ ವ್ಯತ್ಯಾಸಕ್ಕೆ ಗಿಡ ಎಷ್ಟು ದಟ್ಟವಾಗಿ ಬೆಳೆದಿದೆ ಅನ್ನೋದು ಕಾರಣ ಇರಬಹುದು ಅಂದಿತು. ಅಂದ್ರೆ ಬ್ಯಾಕ್ಟೀರಿಯಾ ಬದಲಾಗಿದ್ದಕ್ಕೆ ಜೊಂಡು ಹಬ್ಬಿತಾ, ಜೊಂಡು ಹಬ್ಬಿದ್ದಕ್ಕೆ ಬ್ಯಾಕ್ಟೀರಿಯಾ ಬದಲಾಯ್ತಾ? ನಮ್ಮ ಸ್ಲೈಡ್‌ನಲ್ಲಿ ಬಾಣ ಒಂದೇ ಕಡೆ ತಿರುಗಿತ್ತು.

"ಹಾಗಿದ್ರೆ ಔಷಧಿ ಬೇಡ" ಅಂದಳು ಅಕ್ಕ.

"ಫಂಗಸ್ ಔಷಧಿ ಅಂತೂ ಬೇಡವೇ ಬೇಡ. ಊರಿನ ಗಿಡಗಳ ಬೇರಲ್ಲೂ ಅವೇ ಫಂಗಸ್ ಇವೆ. ಯಾರನ್ನ ಬಿಟ್ಟು ಯಾರನ್ನ ಸಾಯಿಸುತ್ತೆ?"

"ಮತ್ತೆ ಏನ್ ಮಾಡೋದು?"

ಈ ಸಲ ನನಗೆ ಗೊತ್ತಿದ್ದಷ್ಟೇ ಹೇಳಿದೆ. ಮೊದಲು, ಅದು ಹೊರಗಿನ ಜೊಂಡೇನಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಳೆ ಅಂದುಕೊಂಡು ಊರಿನ ಗಿಡವನ್ನೇ ಕಡಿದುಬಿಡ್ತಾರೆ. ಇಲ್ಲಿ ಒಂದು ಫಂಗಸ್ ನಿಜಕ್ಕೂ ಸಹಾಯಕ್ಕೆ ಬರುತ್ತೆ. ಊರಿನ ಜೊಂಡಿನ ಕಾಂಡ ನುಣುಪು, ಕೆಂಪು ಮಿಶ್ರಿತ ಕಂದು, ಅದರ ಮೇಲೆ ಎಷ್ಟೋ ಸಲ ಫಂಗಸ್‌ನ ಪುಟ್ಟ ಪುಟ್ಟ ಕಪ್ಪು ಚುಕ್ಕಿಗಳಿರ್ತವೆ. ಹೊರಗಿನದರ ಕಾಂಡ ಒರಟು, ಮಂಕು ಬಣ್ಣ, ಸಾಮಾನ್ಯವಾಗಿ ಅಂಥ ಚುಕ್ಕಿ ಇರಲ್ಲ. ಎರಡನೇದು, ಸುಮ್ಮನೆ ಮೇಲಿಂದ ಕಡಿದರೆ ಪ್ರಯೋಜನ ಇಲ್ಲ, ಕೆಳಗಿನ ಕಾಂಡದಿಂದ ಮತ್ತೆ ಚಿಗುರುತ್ತೆ. ನೀರು ನಿಂತಿರೋ ಕಡೆ ನೀರಿನ ಮಟ್ಟದ ಕೆಳಗೆ ಕಡಿಯೋ ಒಂದು ವಿಧಾನ ಇದೆ. ಒಣಗಿ ನಿಂತ ಹಳೇ ಕಾಂಡ ಕೂಡ ಬೇರಿಗೆ ಗಾಳಿಯ ಪೈಪ್. ಪೈಪಿನ ಬಾಯಿ ನೀರೊಳಗೆ ಮುಳುಗಿದರೆ ಕೆಸರಿನಲ್ಲಿರೋ ಬೇರಿಗೆ ಉಸಿರಿಲ್ಲ. ಕೊಳಚೆ ನೀರಿನ ಪಾಠದಲ್ಲಿ ನಾವು ಹೊಗಳಿ ಬರೆದ ಅದೇ ಪೈಪ್. ಇಷ್ಟಾದರೂ ಒಂದು ವರ್ಷಕ್ಕೆ ಮುಗಿಯೋ ಕೆಲಸ ಅಲ್ಲ. ಅಲ್ಲಿನ ತಿಳಿದವರನ್ನ ಕರೆಸಿ ತೋರಿಸದೆ ಏನೂ ಮಾಡಬೇಡಿ ಅಂದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಇದನ್ನ ಮೊದಲೇ ಹೇಳಿದ್ರೆ ಮಾರ್ಕ್ಸ್ ಕಮ್ಮಿ ಬರ್ತಿತ್ತಾ?" ಅಂದಳು. ಬೈದಿದ್ದಲ್ಲ, ನಿಜವಾಗಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಭಾನುವಾರ ಅವಳು ಐದು ಫೋಟೋ ಕಳಿಸಿದಳು. ನಾಲ್ಕರಲ್ಲಿ ಮಂಕು ಕಾಂಡ, ಚುಕ್ಕಿ ಇಲ್ಲ. ಐದನೇದು ದಡದಿಂದ ಸ್ವಲ್ಪ ದೂರದ, ತೆಳ್ಳಗಿನ ಗುಂಪು. ಅದರಲ್ಲಿ ಏನೋ ಕಪ್ಪಗೆ ಕಾಣ್ತಿತ್ತು, ಚುಕ್ಕಿಯೋ ಕೊಳೆಯೋ. ಝೂಮ್ ಮಾಡಿ ಮಾಡಿ ನೋಡಿದೆ, ಪಿಕ್ಸೆಲ್ ಒಡೆದು ಹೋಯ್ತು. "ಫೋಟೋದಲ್ಲಿ ಹೇಳೋಕಾಗ್ತಿಲ್ಲ ಅಕ್ಕ, ಅದನ್ನ ಮಾತ್ರ ಈಗ ಮುಟ್ಟಬೇಡಿ" ಅಂತ ಕಳಿಸಿದೆ. ಇದನ್ನ ಬರೆಯೋ ಹೊತ್ತಿಗೂ ಅದು ಹಾಗೇ ಇದೆ.

ಸೆಮಿನಾರ್ ಮ್ಯಾಮ್ ಹತ್ತಿರಾನೂ ಹೋದೆ. ಹತ್ತನೇ ಸ್ಲೈಡ್ ತೋರಿಸಿದೆ. ಅವರು ಪೂರ್ತಿ ಓದಿ, "ಮಾರ್ಕ್ಸ್ ಅಪ್‌ಲೋಡ್ ಆಗಿದೆ, ಈಗ ಏನೂ ಮಾಡೋಕಾಗಲ್ಲ. ಆದರೆ ಇದು ನಿಮ್ಮ ಸೆಮಿನಾರ್‌ನ ಒಳ್ಳೇ ಸ್ಲೈಡ್ ಆಗಿತ್ತಲ್ಲಪ್ಪ" ಅಂದರು. ಬೈದಿದ್ದರೇ ವಾಸಿ ಇತ್ತು.

ಇದನ್ನ ಮ್ಯಾಗಝೀನ್‌ಗೆ ಬರೀತೀನಿ ಅಂದಾಗ ಪಾರ್ಟ್ನರ್ ಹೇಳಿದ್ದು ಒಂದೇ ಮಾತು: "ನನ್ನ ಹೆಸರು ಹಾಕ್ಬೇಡ." ಹಾಕಿಲ್ಲ.

ಇನ್ನು ಜೂನಿಯರ್ಸ್ ಗಮನಕ್ಕೆ. ಪ್ರತಿ ವರ್ಷ ಸೀನಿಯರ್‌ಗಳ ಪಿಪಿಟಿ ಕೈಯಿಂದ ಕೈಗೆ ಹೋಗೋದು ನಮಗೆಲ್ಲ ಗೊತ್ತಿರೋದೇ, ನಮ್ಮದೂ ಆಗಲೇ ಹೊರಟಿದೆ. ಡ್ರೈವ್‌ನಲ್ಲಿ ಈಗ ಇರೋದು 14 ಸ್ಲೈಡ್‌ನ ಫೈಲ್. ಕೊನೇ ಸ್ಲೈಡ್‌ನ ಕೆಂಪು ಕ್ರಾಸ್ ತೆಗೆದಿದೀನಿ. 13 ಸ್ಲೈಡ್ ಇರೋದು ಯಾರ ಹತ್ತಿರವಾದ್ರೂ ಇದ್ರೆ ದಯವಿಟ್ಟು ಡಿಲೀಟ್ ಮಾಡಿ.